ಎಸ್ಸೆಸ್ಸೆಲ್ಸಿ ಫೇಲಾದ ಮಗನನ್ನು ಜೀವನ ಕೌಶಲ ಶಿಬಿರಕ್ಕೆ ಕಳಿಸಲೇ? ಕಳಿಸಿದವರು ಹೇಳಿ

ದಾವಣಗೆರೆ ಅಮ್ಮ:
ಮಗನಿಗೆ 16. ಪರೀಕ್ಷೆ-1ರಲ್ಲಿ ಗಣಿತ, ವಿಜ್ಞಾನ ಎರಡೂ ಹೋಗಿವೆ. ಪರೀಕ್ಷೆ-2ಕ್ಕೆ ಕೂರಲ್ಲ ಅಂತಾನೆ. ಟ್ಯೂಷನ್‌ಗೆ ಅಂತ ಹೊರಟು ಬಸ್ ಸ್ಟ್ಯಾಂಡ್ ಹಿಂದೆ ದೊಡ್ಡ ಹುಡುಗರ ಜೊತೆ ಇರುತ್ತಾನೆ. ಜೇಬಲ್ಲಿ ಗುಟ್ಕಾ ಪ್ಯಾಕೆಟ್ ಸಿಕ್ಕಿತು. ಬೆಂಗಳೂರಿನ ಹತ್ತಿರ ಮೂರು ವಾರದ ವಸತಿ ಶಿಬಿರ ಇದೆಯಂತೆ, 38,000 ರೂಪಾಯಿ. ಸಾಲ ಮಾಡಿಯಾದರೂ ಕಳಿಸೋಣ ಅಂತಾರೆ ಇವರ ಅಪ್ಪ. ಉಪಯೋಗ ಆಗುತ್ತಾ?

ತುಮಕೂರು ಅಪ್ಪ:
ನನ್ನ ಲೆಕ್ಕ ಕೇಳಿ. ಫೀಸು 32,500, ಅದರ ಮೇಲೆ ಜಿಎಸ್‌ಟಿ ಬೇರೆ. ಟ್ರ್ಯಾಕ್ ಪ್ಯಾಂಟ್, ಟೀ ಶರ್ಟ್, ಶೂ, ಟಾರ್ಚ್ ಎಲ್ಲ ಅವರ ಹತ್ತಿರವೇ ತಗೋಬೇಕು, 4,200. ಶೂ ಒಂದಕ್ಕೇ 2,200. ವಾಪಸ್ ಕೊಡ್ತೀವಿ ಅಂದ ಡೆಪಾಸಿಟ್ 1,500 ಇವತ್ತಿಗೂ ಬಂದಿಲ್ಲ. ಕೇಳಿದರೆ ಬಕೆಟ್ ಒಡೆದಿದ್ದಾನೆ ಅಂತಾರೆ. 1,500 ರೂಪಾಯಿಯ ಬಕೆಟ್!
ಕೊನೆಯ ದಿನ ನಮ್ಮನ್ನು ಕರೆಸಿ ಸಾಲಾಗಿ ಕುರ್ಚಿ ಮೇಲೆ ಕೂರಿಸಿದರು. ಮಕ್ಕಳ ಕೈಯಲ್ಲಿ ತಟ್ಟೆ, ಚೊಂಬು, ಅರಿಶಿನ-ಕುಂಕುಮ. ಪಾದಪೂಜೆ. ಮೈಕಲ್ಲಿ ಒಬ್ಬರು "ನಿನ್ನಮ್ಮ ಒಂಬತ್ತು ತಿಂಗಳು ಹೊತ್ತಳು" ಅಂತ ನಡುಗುವ ದನಿಯಲ್ಲಿ ಹೇಳುತ್ತಾರೆ, ಹಿಂದೆ ಕೊಳಲು. ಅಳದವರೇ ಇಲ್ಲ. ನನ್ನ ಹೆಂಡತಿ ಸೆರಗು ಪೂರ್ತಿ ಒದ್ದೆ. ಮನೆಗೆ ಬಂದ ವಾರಕ್ಕೆ ಮಗ ಮತ್ತೆ ಅದೇ ಸರ್ಕಲ್‌ನಲ್ಲಿ, ಅದೇ ಹುಡುಗರ ಜೊತೆ. ಕಾಲು ತೊಳೆದರೆ ಗುಟ್ಕಾ ಬಿಡೋಕೆ ಆಗುತ್ತಾ?

ಹುಬ್ಬಳ್ಳಿ ಅಕ್ಕ:
ಏನ್ರೀ ತುಮಕೂರಿನವರೇ, ಎಲ್ಲ ಶಿಬಿರಕ್ಕೂ ಒಂದೇ ಬಣ್ಣ ಬಳಿಯಬೇಡಿ. ನನ್ನ ಮಗಳು ಹೋಗುವ ಮುಂಚೆ ಊಟದ ತಟ್ಟೆ ಎಸೆಯುತ್ತಿದ್ದಳು, ರಾತ್ರಿ ಎರಡರವರೆಗೆ ರೀಲ್ಸ್. ಈಗ ಐದೂವರೆಗೆ ಎದ್ದು ತಾನೇ ಚಹಾ ಮಾಡಿ ನನಗೂ ಕೊಡುತ್ತಾಳೆ. ಶಿಬಿರದಲ್ಲಿ ಫೋನ್ ಇಸ್ಕೊಂಡು ಬೀರುವಲ್ಲಿ ಬೀಗ ಹಾಕಿದ್ದರು, ಅದೊಂದಕ್ಕೇ ದುಡ್ಡು ವಸೂಲಾಯಿತು. ಮಕ್ಕಳು ಅತ್ತರೆ ತಪ್ಪೇನು? ಮನೆಗೆ ಬಂದ ಮೇಲೆ ಪಾಲಕರು ಏನೂ ಮಾಡದೆ ಕೂತು, ಶಿಬಿರದವರನ್ನು ಬೈದರೆ ಹೆಂಗ್ರೀ?

ತುಮಕೂರು ಅಪ್ಪ:
ಏನೂ ಮಾಡದೆ ಕೂತಿದ್ದೆ ಅಂತ ನಿಮಗೆ ಯಾರು ಹೇಳಿದ್ದು? ರಾತ್ರಿ ಪಾಳಿ ಬಿಟ್ಟು ಹಗಲು ಪಾಳಿ ಬರೆಸಿಕೊಂಡಿದ್ದೇನೆ, ತಿಂಗಳಿಗೆ 3,000 ಭತ್ಯೆ ಹೋಯಿತು.

ಶಿವಮೊಗ್ಗ ವೆಲ್ಡರ್:
ನನ್ನ ಹುಡುಗನೂ ಎಸ್ಸೆಸ್ಸೆಲ್ಸಿಯಲ್ಲಿ ಡುಮ್ಕಿ. ಶಿಬಿರ ಗಿಬಿರ ಇಲ್ಲ, ಸೀದಾ ಐಟಿಐ. ವೆಲ್ಡರ್ ಟ್ರೇಡ್‌ಗೆ ಎಂಟನೇ ಕ್ಲಾಸ್ ಪಾಸಾಗಿದ್ದರೆ ಸಾಕು, ಒಂದೇ ವರ್ಷ. ವೈರ್‌ಮನ್‌ಗೂ ಎಂಟನೇ ಕ್ಲಾಸೇ, ಆದರೆ ಎರಡು ವರ್ಷ. ಸರ್ಕಾರಿ ಐಟಿಐ ಫೀಸು ಆ ಶಿಬಿರದ ಫೀಸಿನ ಮುಂದೆ ಏನೂ ಅಲ್ಲ. ಮೊದಲ ತಿಂಗಳು ರಾಡ್ ಅಂಟಿಸಿ ಅಂಟಿಸಿ ಕೈಯೆಲ್ಲ ಕಿಡಿ, ಕಣ್ಣು ಕೆಂಪು. ಬಿಟ್ಟು ಬರ್ತೀನಿ ಅಂದ. ಒಂದು ದಿನ ನಮ್ಮ ಮನೆ ಗೇಟಿನ ಕೀಲು ಮುರಿದಿತ್ತು, ಅವನೇ ಕೂರಿಸಿದ. ಬೆಸುಗೆಯ ಗೆರೆ ಸ್ವಲ್ಪ ಸೊಟ್ಟ. ಇರಲಿ. ಈಗ ದಾರಿಯಲ್ಲಿ ಹೋಗುವವರಿಗೆಲ್ಲ ಗೇಟ್ ತೋರಿಸುತ್ತಾನೆ. ರಜೆಯಲ್ಲಿ ನನ್ನ ಶೆಡ್ಡಿಗೇ ಬರುತ್ತಾನೆ. ಕೈಗೆ ಕೆಲಸ ಕೊಡಿ, ಬಾಯಿ ತಾನಾಗಿ ಮುಚ್ಚುತ್ತೆ.

ಮಂಡ್ಯ ಟೀಚರ್:
ವೆಲ್ಡರ್ ಅಣ್ಣ, ಐಟಿಐ ಸರಿ. ಆದರೆ 18 ತುಂಬುವವರೆಗೆ ಅಪಾಯದ ಕೆಲಸಕ್ಕೆ ಹಚ್ಚುವ ಹಾಗಿಲ್ಲ, ಬಾಲಕಾರ್ಮಿಕ ಕಾನೂನಿನ 2016ರ ತಿದ್ದುಪಡಿ ನೋಡಿ. ಶೆಡ್ಡಲ್ಲಿ ಅವನು ಏನು ಮುಟ್ಟುತ್ತಾನೆ ಅನ್ನೋದು ನೋಡಿಕೊಳ್ಳಿ.
ಇನ್ನು ಜೀವನ ಕೌಶಲ ಅಂದರೆ ಭಾಷಣ ಅಲ್ಲ, ಪಾದಪೂಜೆಯೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯುಎಚ್‌ಒ) ಹೇಳಿರೋದು ಹತ್ತು ಕೌಶಲ: ನಿರ್ಧಾರ ತಗೊಳ್ಳೋದು, ಸಿಟ್ಟು-ಒತ್ತಡ ನಿಭಾಯಿಸೋದು, ಹೀಗೆ. ನಿಮ್ಹಾನ್ಸ್‌ನವರು ಶಾಲೆಗೆ ಅಂತಲೇ ಪಾಠ ಬರೆದಿದ್ದಾರೆ. ನಾನು ತರಬೇತಿ ತಗೊಂಡು ಬಂದೆ. ಒಂದು ಚಟುವಟಿಕೆ ಹೇಳುತ್ತೇನೆ. ಒಬ್ಬ ಹುಡುಗ ಗುಟ್ಕಾ ಕೊಡುವವನು, ಇನ್ನೊಬ್ಬ ಬೇಡ ಅನ್ನುವವನು. ಸುಮ್ನೆ "ಬೇಡ" ಅಂದವನನ್ನು ಎಲ್ಲ "ಹೋಗೋ ಅಮ್ಮನ ಮಗನೇ" ಅಂತ ಆಡಿಕೊಂಡರು. ಹಿಂದಿನ ಬೆಂಚಿನವನು ಎದ್ದು ಬಂದ. "ಲೇ, ಸಂಜೆ ಕಬಡ್ಡಿ ಮ್ಯಾಚಿದೆ, ಇದು ಹಾಕಿದರೆ ದಮ್ ಕಟ್ಟುತ್ತೆ, ನೀನೂ ಬಾ" ಅಂದ. ಇಡೀ ಕ್ಲಾಸು ಚಪ್ಪಾಳೆ. ಮರ್ಯಾದೆ ಉಳಿಸಿಕೊಂಡು ಬೇಡ ಅನ್ನೋದನ್ನು ಹೀಗೆ ಆಡಿ ಆಡಿಯೇ ಕಲಿಯಬೇಕು, ಮೂರು ವಾರಕ್ಕೆ ಬರಲ್ಲ. ಆ ಪೀರಿಯಡ್ ಎಲ್ಲಿ ಹೋಯ್ತು ಗೊತ್ತಾ? ಗಣಿತದವರು ರಿವಿಷನ್‌ಗೆ ತಗೊಂಡರು. ಪುಸ್ತಕ ಬೀರುವಲ್ಲಿದೆ.

ರಾಯಚೂರು ಗಣಿತ:
ರಿಸಲ್ಟ್ ಕಮ್ಮಿಯಾದರೆ ನೋಟಿಸ್ ಬರೋದು ನಮಗೆ ಮೇಡಂ, ನಿಮಗಲ್ಲ. ಒಂದಕ್ಕಿಂತ ಹೆಚ್ಚು ಪರೀಕ್ಷೆ ಮಾಡಿದ ಮೇಲೆ ವರ್ಷವಿಡೀ ರಿವಿಷನ್ನೇ. ಕಬಡ್ಡಿ ಆಡಿಸಿಕೊಂಡಿದ್ದರೆ ಪ್ರಮೇಯ ಯಾರು ಕಲಿಸುತ್ತಾರೆ?

ಮಂಡ್ಯ ಟೀಚರ್:
ಪ್ರಮೇಯ ಬಾಯಿಪಾಠ ಮಾಡಿಸಿಯೂ ಈ ಅಮ್ಮನ ಮಗ ಫೇಲಾಗಿದ್ದಾನಲ್ಲ ಸರ್.

ಚಳ್ಳಕೆರೆ ಕಿರಾಣಿ:
ಗುಟ್ಕಾ ರಾಜ್ಯದಲ್ಲಿ 2013ರಲ್ಲೇ ಬ್ಯಾನ್. ಈಗ ಪಾನ್ ಮಸಾಲಾ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು, ಹುಡುಗರೇ ಕಲಸಿಕೊಳ್ಳುತ್ತಾರೆ. ನಾನು 21ರ ಒಳಗಿನವರಿಗೆ ಕೊಡಲ್ಲ. ಪಕ್ಕದ ಅಂಗಡಿಯವನು ಕೊಡುತ್ತಾನೆ, ನನ್ನ ವ್ಯಾಪಾರ ಹೋಯ್ತು. ಇದಕ್ಕೆ ಯಾವ ಶಿಬಿರ ಇದೆ ಹೇಳಿ?

ದಾವಣಗೆರೆ ಅಮ್ಮ:
ಎಲ್ಲರಿಗೂ ಧನ್ಯವಾದ. ಟೀಚರ್ ಮೇಡಂ, ಮಗ ಎಲ್ಲಿಗೂ ಬರಲ್ಲ ಅಂತಾನೆ. ಖರ್ಚಿಲ್ಲದೆ ಕೇಳೋಕೆ ಎಲ್ಲಾದರೂ ಜಾಗ ಇದೆಯಾ?

ಮಂಡ್ಯ ಟೀಚರ್:
ಮೊದಲು ನೀವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಹದಿಹರೆಯದವರಿಗೆ ಅಂತಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಇದೆ, ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಕ್ರೀಡಾ ಇಲಾಖೆಯ ಯುವ ಸ್ಪಂದನ ಕೇಂದ್ರದಲ್ಲೂ ಕೇಳಿ ನೋಡಿ, ಅಲ್ಲಿ ಮಾತಾಡಿಸೋರು ತರಬೇತಿ ಪಡೆದ ಯುವಕ-ಯುವತಿಯರೇ. ಹುಡುಗರು ನಮಗಿಂತ ಅವರ ಜೊತೆ ಜಾಸ್ತಿ ಬಾಯಿ ಬಿಡುತ್ತಾರೆ. ಸಾಲ ಮಾತ್ರ ಮಾಡಬೇಡಿ.

ಶಿವಮೊಗ್ಗ ವೆಲ್ಡರ್:
ಐಟಿಐ ಅರ್ಜಿ ಯಾವಾಗ ಅಂತಲೂ ವಿಚಾರಿಸಿಟ್ಟುಕೊಳ್ಳಿ ಅಕ್ಕ. ಮೇಡಂಗೆ ಒಂದು ಮಾತು: ಶೆಡ್ಡಲ್ಲಿ ಅವನು ಅಳತೆ ಹಿಡಿಯೋದು, ಬಣ್ಣ ಹೊಡೆಯೋದು ಅಷ್ಟೇ. ಕಾನೂನು ನನಗೂ ಗೊತ್ತು.

ಹುಬ್ಬಳ್ಳಿ ಅಕ್ಕ:
ಸಾಲ ಬೇಡ ಅನ್ನೋದು ಒಪ್ಪುತ್ತೇನೆ. ಆದರೆ ತುಮಕೂರಿನವರು ಆ ಶೂ ಬಿಲ್ ಇದ್ದರೆ ಇಲ್ಲಿ ಹಾಕಲಿ. 2,200ಕ್ಕೆ ನಮಗೆ ಎರಡು ಜೊತೆ ಬಂದಿದ್ದವು.

ತುಮಕೂರು ಅಪ್ಪ:
ಬಿಲ್ ಕೊಟ್ಟಿದ್ದರೆ ತಾನೇ ಹಾಕೋದು?