ಅಪ್ಪನ ಹೊಟ್ಟೆಯ ಸ್ಟೆಂಟ್ ಗ್ರಾಫ್ಟ್: ಸ್ಕ್ಯಾನ್‌ನಲ್ಲಿ ಲೀಕ್ ಅಂತಿದೆ, ಸುಮ್ನೆ ಕೂರೋದಾ?

ಪ್ರಶ್ನೆ:
ಅಪ್ಪನಿಗೆ 74. ಹೊಟ್ಟೆಯ ಮಹಾಪಧಮನಿ 58 ಮಿ.ಮೀ.ಗೆ ಉಬ್ಬಿತ್ತು. ಹೊಟ್ಟೆ ಕೊಯ್ಯದೆ ತೊಡೆಸಂದಿಯಿಂದಲೇ ನಾಳದೊಳಗೆ ಸ್ಟೆಂಟ್ ಗ್ರಾಫ್ಟ್ (ಬಟ್ಟೆ ಹೊದಿಸಿದ ಲೋಹದ ಜಾಲರಿ ಕೊಳವೆ) ಕೂರಿಸಿದರು. ಮೂರನೇ ದಿನ ಮನೆಗೆ ಬಂದು, "ಹಲ್ಲು ಕೀಳಿಸಿಕೊಂಡಾಗಲೇ ಇದಕ್ಕಿಂತ ಜಾಸ್ತಿ ನೋವಿತ್ತು" ಅಂದರು. ಮೊನ್ನೆ ಒಂದು ವರ್ಷದ ಸಿಟಿ ಸ್ಕ್ಯಾನ್ ಆಯಿತು. "ಟೈಪ್ 2 ಎಂಡೋಲೀಕ್, 59 ಮಿ.ಮೀ." ಅಂತ ಬರೆದಿದ್ದಾರೆ. ಡಾಕ್ಟರು ಆರು ತಿಂಗಳು ಬಿಟ್ಟು ನೋಡೋಣ ಅಂದರು. ಸೋರುತ್ತಿದ್ದರೂ ಕಾಯೋದಾ? ಇನ್ನೊಂದು ವಿಷಯ. ನೂರು ಹೆಜ್ಜೆ ಹಾಕಿದರೆ ಬಲಗಡೆ ಪಿರ್ರೆ ಹಿಡಿದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ. ಡಾಕ್ಟರ ಹತ್ತಿರ ಹೇಳಲು ಅಪ್ಪನಿಗೆ ನಾಚಿಕೆ.

ಉತ್ತರ 1:
ನಾನು ರಕ್ತನಾಳ ವಿಭಾಗದಲ್ಲಿ ನರ್ಸ್. 'ಲೀಕ್' ಅನ್ನುವ ಪದವೇ ಅರ್ಧ ಜನರ ನಿದ್ದೆ ಕೆಡಿಸುತ್ತದೆ. ರಕ್ತ ಹೊಟ್ಟೆಯೊಳಗೆ ಸೋರುತ್ತಿಲ್ಲ. ಗ್ರಾಫ್ಟ್‌ನ ಹೊರಗೆ, ಹಳೇ ಉಬ್ಬಿನ ಚೀಲದೊಳಗೆ ಇನ್ನೂ ಓಡಾಡುತ್ತಿದೆ, ಅಷ್ಟೇ. ಟೈಪ್ 2ರಲ್ಲಿ ಅದು ಬರುವುದು ಬೆನ್ನಿನ ಅಥವಾ ಕರುಳಿನ ಕಡೆಯ ಸಣ್ಣ ನಾಳಗಳಿಂದ, ಹಿಂದುಮುಂದಾಗಿ ಹರಿದು. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದೂ ಇದೇ. ಎಷ್ಟೋ ಸಲ ತಾನೇ ಮುಚ್ಚಿಕೊಳ್ಳುತ್ತದೆ. 1 ಮಿ.ಮೀ. ವ್ಯತ್ಯಾಸ ಅಳೆಯುವ ಕೈಯಲ್ಲೇ ಬಂದುಬಿಡುತ್ತದೆ. ಚೀಲ ಬೆಳೆಯುತ್ತಲೇ ಹೋದರೆ ಮಾತ್ರ ಕಾಯಿಲ್ (ಸಣ್ಣ ಲೋಹದ ಸುರುಳಿ) ಹಾಕಿ ಆ ನಾಳ ಮುಚ್ಚುವ ಮಾತು. ಕೆಲವರು 5, ಕೆಲವರು 10 ಮಿ.ಮೀ. ಗಡಿ ಇಟ್ಟುಕೊಂಡಿದ್ದಾರೆ. ಗ್ರಾಫ್ಟ್‌ನ ತುದಿಯ ಹಿಡಿತವೇ ಸಡಿಲಾದರೆ ಟೈಪ್ 1, ತುಂಡುಗಳ ಜೋಡಣೆ ಬಿಟ್ಟರೆ ಟೈಪ್ 3. ಅವಕ್ಕೆ ಯಾರೂ ಆರು ತಿಂಗಳು ಕೊಡುವುದಿಲ್ಲ. ಆರು ತಿಂಗಳ ಸ್ಕ್ಯಾನ್ ಮಾತ್ರ ತಪ್ಪಿಸಬೇಡಿ. ನೋವಿಲ್ಲ ಅಂತ ಬಿಟ್ಟವರನ್ನು ಕಂಡಿದ್ದೇನೆ. ಹೊಟ್ಟೆ ಅಥವಾ ಬೆನ್ನಿನಲ್ಲಿ ದಿಢೀರನೆ ಜೋರು ನೋವು ಬಂದರೆ ತಕ್ಷಣ ಎಮರ್ಜೆನ್ಸಿಗೆ ಹೋಗಿ.

ಉತ್ತರ 2:
ಪಿರ್ರೆ ನೋವು ನನಗೂ ಇತ್ತು, ಎಡಗಡೆ. ಸೊಂಟದ ನೋವು ಅಂತ ಎರಡು ತಿಂಗಳು ಎಣ್ಣೆ ತಿಕ್ಕಿದ್ದೇ ಬಂತು. ಗ್ರಾಫ್ಟ್ ಕೂರಿಸಲು ಆ ಕಡೆಯ ಇಂಟರ್ನಲ್ ಇಲಿಯಾಕ್ ನಾಳ ಮುಚ್ಚಿದ್ದರಂತೆ, ಪಿರ್ರೆಗೆ ರಕ್ತ ಹೋಗುವುದು ಅದರಿಂದಲೇ. ಡಿಸ್ಚಾರ್ಜ್ ಸಮ್ಮರಿ ನೋಡಿ, ಬರೆದಿರುತ್ತಾರೆ. ದಿನಾ ನಡೆದೂ ನಡೆದೂ ನನಗೆ ಎಷ್ಟೋ ಕಡಿಮೆಯಾಯಿತು. ಆದರೆ ನಾಲ್ಕನೇ ತಿಂಗಳು ಒಂದು ರಾತ್ರಿ ಎಡಪಾದ ಸಾಕ್ಸ್ ಹಾಕಿದರೂ ತಣ್ಣಗೇ ಇತ್ತು, ಜೋಮು ಬೇರೆ. ಗ್ರಾಫ್ಟ್‌ನಲ್ಲಿ ಎಡಗಾಲಿಗೆ ಹೋಗುವ ಕವಲೇ ಕಟ್ಟಿಕೊಂಡಿತ್ತು. ಬೆಳಗಾಗಲಿ ಅಂತ ಕಾಯ್ದಿದ್ದರೆ ಕಾಲು ಹೋಗುತ್ತಿತ್ತೇನೋ. ಅಪ್ಪನ ಪಾದ ಮುಟ್ಟಿ ನೋಡಿ.

ಕೇಳಿದವರು:
ಸಮ್ಮರಿಯ ಎರಡನೇ ಪುಟದಲ್ಲಿದೆ: "ಬಲ ಇಂಟರ್ನಲ್ ಇಲಿಯಾಕ್ ಕಾಯಿಲಿಂಗ್." ನಮಗೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಪಾದ ಎರಡೂ ಬೆಚ್ಚಗಿವೆ. ಹಿಡಿದು ನೋಡುತ್ತಿದ್ದರೆ, ಕಚಗುಳಿ ಇಡಬೇಡ ಅಂತ ಬೈದರು.