ಪೇಲಿಯೋ ಆಹಾರಕ್ರಮ: ಕೊಬ್ಬು ಇಳಿಯಬೇಕು, ಸ್ನಾಯು ಉಳಿಯಬೇಕು

ಪ್ರಶ್ನೆ: ನನ್ನ ತೂಕ 80 ಕೆ.ಜಿ. ಇತ್ತು. ಧಾನ್ಯ, ಬೇಳೆಕಾಳು, ಹಾಲಿನ ಪದಾರ್ಥ ಹಾಗೂ ಸಕ್ಕರೆಯನ್ನು ಬಿಟ್ಟು, ಶಿಲಾಯುಗದವರಂತೆ ತಿನ್ನಬೇಕೆನ್ನುವ ಪೇಲಿಯೋ ಕ್ರಮ ಆರಂಭಿಸಿದ ಮೊದಲ ವಾರದಲ್ಲೇ 3 ಕೆ.ಜಿ. ಇಳಿಯಿತು. ಆಮೇಲೆ ತೂಕವಾಗಲಿ ಸೊಂಟದ ಸುತ್ತಳತೆಯಾಗಲಿ ಕದಲಿಲ್ಲ. ಆದರೆ ಮೊದಲು ಸಲೀಸಾಗಿ ಮಾಡುತ್ತಿದ್ದ ಸ್ಕ್ವಾಟ್ (ಭಾರ ಹೊತ್ತು ಕುಳಿತೇಳುವ ವ್ಯಾಯಾಮ) ಈಗ ಕಷ್ಟವಾಗಿದೆ. ಬೆಳಿಗ್ಗೆ ಎರಡು ಮೊಟ್ಟೆ ಮತ್ತು ಎರಡು ಹಿಡಿ ಬಾದಾಮಿ, ಮಧ್ಯಾಹ್ನ ಎಣ್ಣೆ ಬೆರೆಸಿದ ತರಕಾರಿ ಸಲಾಡ್, ರಾತ್ರಿ ಕೋಳಿ ಅಥವಾ ಮೀನು ತಿನ್ನುತ್ತೇನೆ. ಕೊಬ್ಬಿನ ಬದಲು ಸ್ನಾಯುವೇ ಕರಗುತ್ತಿದೆಯೇ?

ಆಹಾರತಜ್ಞರ ಉತ್ತರ: ಮೊದಲ ವಾರ ಹೋದದ್ದು ಬಹುಪಾಲು ನೀರು. ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಪ್ರತಿ ಗ್ರಾಂ ಗ್ಲೈಕೋಜನ್ (ದೇಹ ದಾಸ್ತಾನು ಮಾಡುವ ಪಿಷ್ಟದ ರೂಪ) ಜೊತೆಗೆ ಸುಮಾರು 3 ಗ್ರಾಂ ನೀರು ಇರುತ್ತದೆ. ಪಿಷ್ಟ ಒಮ್ಮೆಲೇ ಕಡಿಮೆಯಾದಾಗ ಆ ದಾಸ್ತಾನು ಖಾಲಿಯಾಗಿ ನೀರೂ ಹೊರಹೋಗುತ್ತದೆ. ಸ್ಕ್ವಾಟ್ ಕುಸಿದದ್ದಕ್ಕೂ ಬಹುಶಃ ಇದೇ ಕಾರಣ, ಏಕೆಂದರೆ ಎಂಟು-ಹತ್ತು ಬಾರಿ ಭಾರ ಎತ್ತುವ ಸೆಟ್‌ಗಳಿಗೆ ಮುಖ್ಯ ಇಂಧನ ಗ್ಲೈಕೋಜನ್. ಆದ್ದರಿಂದ ಸ್ನಾಯು ಕರಗಿಹೋಗಿದೆ ಎಂದು ಈಗಲೇ ಗಾಬರಿಯಾಗಬೇಕಿಲ್ಲ. ಆದರೆ ನಿಮ್ಮ ಈಗಿನ ತಟ್ಟೆ ಹೀಗೇ ಮುಂದುವರಿದರೆ ಮುಂದೆ ಆಗುವುದು ಅದೇ.

ಬೆಳಗಿನ ಊಟವನ್ನೇ ನೋಡಿ. ಎರಡು ಮೊಟ್ಟೆಗಳಿಂದ 12 ಗ್ರಾಂ ಪ್ರೋಟೀನ್ ಬರುತ್ತದೆ. ಎರಡು ಹಿಡಿ, ಅಂದರೆ ಸುಮಾರು 60 ಗ್ರಾಂ ಬಾದಾಮಿಯಿಂದ ಬರುವ ಪ್ರೋಟೀನ್ ಕೂಡ ಅಷ್ಟೇ, ಆದರೆ ಅದರ ಜೊತೆಗೆ 350 ಕ್ಯಾಲೊರಿ ಬರುತ್ತದೆ. ಬೇಯಿಸಿದ ಕೋಳಿಯ ಎದೆಭಾಗ 150 ಗ್ರಾಂ ತಿಂದರೆ 250 ಕ್ಯಾಲೊರಿಗೇ 45 ಗ್ರಾಂ ಪ್ರೋಟೀನ್ ಸಿಗುತ್ತದೆ. ‘ಅನುಮತಿಸಿದ ಆಹಾರ’ ಎಂಬ ಪಟ್ಟಿಯಲ್ಲಿದೆ ಎಂಬ ಕಾರಣಕ್ಕೆ ಬೀಜಗಳನ್ನು ಅಳತೆಯಿಲ್ಲದೆ ತಿನ್ನುವವರೇ ನನ್ನ ಬಳಿ ಹೆಚ್ಚು ಬರುತ್ತಾರೆ. ಸೊಂಟ ಕದಲದಿರುವುದನ್ನು ನೋಡಿದರೆ ನಿಮ್ಮಲ್ಲಿ ಕ್ಯಾಲೊರಿ ಕೊರತೆಯೇ (ಖರ್ಚಿಗಿಂತ ಕಡಿಮೆ ಸೇವನೆ) ಉಂಟಾಗಿಲ್ಲ ಎನಿಸುತ್ತದೆ.

ಸ್ನಾಯುವನ್ನು ಉಳಿಸುವುದು ಪೇಲಿಯೋ ಎಂಬ ಹೆಸರಲ್ಲ. ಸಾಕಷ್ಟು ಪ್ರೋಟೀನ್, ಭಾರದ ವ್ಯಾಯಾಮ ಮತ್ತು ಅತಿಯಾಗದ ಕೊರತೆ. ದಿನಕ್ಕೆ ದೇಹತೂಕದ ಪ್ರತಿ ಕೆ.ಜಿ.ಗೆ 1.6ರಿಂದ 2.2 ಗ್ರಾಂ ಪ್ರೋಟೀನ್ ಇರಲಿ. ನಿಮಗೆ 130 ಗ್ರಾಂ ಆಸುಪಾಸಿನಿಂದ ಆರಂಭಿಸಿದರೆ ಸಾಕು. ಅದನ್ನು ಮೂರು-ನಾಲ್ಕು ಊಟಗಳಿಗೆ ಹಂಚಿಕೊಳ್ಳಿ. ಈಗಿನಂತೆ ಮಧ್ಯಾಹ್ನದ ಊಟ ಬರೀ ಸೊಪ್ಪು-ತರಕಾರಿಯಾಗಿರುವುದು ಬೇಡ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 40 ಯುವಕರು ನಾಲ್ಕು ವಾರ ಶೇ. 40ರಷ್ಟು ಕಡಿಮೆ ಕ್ಯಾಲೊರಿ ಸೇವಿಸಿ ಕಠಿಣ ವ್ಯಾಯಾಮ ಮಾಡಿದ್ದರು, ಕೆ.ಜಿ.ಗೆ 2.4 ಗ್ರಾಂ ಪ್ರೋಟೀನ್ ತಿಂದವರು 4.8 ಕೆ.ಜಿ. ಕೊಬ್ಬು ಕಳೆದುಕೊಂಡೂ 1.2 ಕೆ.ಜಿ. ಕೊಬ್ಬುರಹಿತ ತೂಕ ಗಳಿಸಿದರು, 1.2 ಗ್ರಾಂ ತಿಂದವರಲ್ಲಿ ಆ ತೂಕ ಹೆಚ್ಚುಕಡಿಮೆ ಇದ್ದಷ್ಟೇ ಉಳಿಯಿತು. ಅಷ್ಟು ದೊಡ್ಡ ಕೊರತೆಯನ್ನು ನಾನು ಯಾರಿಗೂ ಹೇಳುವುದಿಲ್ಲ. ವಾರಕ್ಕೆ 400ರಿಂದ 800 ಗ್ರಾಂ ಇಳಿದರೆ ಸಾಕು.

ಗೆಣಸು, ಬಾಳೆಹಣ್ಣು ಪೇಲಿಯೋಗೆ ಹೊರತಲ್ಲ. ವ್ಯಾಯಾಮದ ದಿನಗಳಲ್ಲಿ ಬೀಜಗಳ ಒಂದು ಹಿಡಿಯನ್ನು ಕೈಬಿಟ್ಟು, ಬೇಯಿಸಿದ ಗೆಣಸನ್ನು ವ್ಯಾಯಾಮಕ್ಕೆ ಒಂದೆರಡು ಗಂಟೆ ಮೊದಲು ತಿಂದು ನೋಡಿ. ಎತ್ತುವ ಭಾರವನ್ನಂತೂ ಇಳಿಸಬೇಡಿ. ಸುಸ್ತಾದರೆ ಸೆಟ್‌ಗಳ ಸಂಖ್ಯೆಯನ್ನು ಕಡಿಮೆ ಮಾಡಿ.

ಇನ್ನೊಬ್ಬರ ಪ್ರಶ್ನೆ: ನಾನು ಮೊಟ್ಟೆ ತಿನ್ನುತ್ತೇನೆ, ಮಾಂಸ ಮತ್ತು ಮೀನು ತಿನ್ನುವುದಿಲ್ಲ. ನನಗೂ ಇದು ಸಾಧ್ಯವೇ?

ಉತ್ತರ: ಕಟ್ಟುನಿಟ್ಟಾದ ಪೇಲಿಯೋದಲ್ಲಿ ಕಷ್ಟ. ಮೊಟ್ಟೆಯೊಂದರಿಂದಲೇ 120 ಗ್ರಾಂ ಪ್ರೋಟೀನ್ ಪಡೆಯಲು ದಿನಕ್ಕೆ 20 ಮೊಟ್ಟೆ ಬೇಕಾಗುತ್ತದೆ. ಗುರಿ ಸ್ನಾಯುವನ್ನು ಉಳಿಸಿಕೊಳ್ಳುವುದಾದರೆ ನಿಯಮವನ್ನೇ ಸಡಿಲಿಸಿ, ಮೊಸರು, ಪನೀರ್, ಚೆನ್ನಾಗಿ ಬೆಂದ ಬೇಳೆಕಾಳುಗಳನ್ನು ಮತ್ತೆ ಸೇರಿಸಿಕೊಳ್ಳಿ ಎಂಬುದು ನನ್ನ ಸಲಹೆ; ಹಾಲು ಬಿಟ್ಟವರಿಗೆ ಎದುರಾಗುವ ಕ್ಯಾಲ್ಸಿಯಂ ಕೊರತೆಯ ಚಿಂತೆಯೂ ಇದರಿಂದ ತಗ್ಗುತ್ತದೆ. ಪೇಲಿಯೋದವರು ಆಕ್ಷೇಪಿಸುವ, ಕಾಳುಗಳಲ್ಲಿರುವ ಲೆಕ್ಟಿನ್ ಎಂಬ ಪ್ರೋಟೀನ್‌ಗಳು ಕುದಿಸಿ ಬೇಯಿಸಿದಾಗ ಬಹುಮಟ್ಟಿಗೆ ನಿಷ್ಕ್ರಿಯವಾಗುತ್ತವೆ. ಅಂದಹಾಗೆ, ಇರಾಕಿನ ಶಾನಿದಾರ್ ಗುಹೆಯಲ್ಲಿ ಸಿಕ್ಕ ನಿಯಾಂಡರ್ಥಲ್ (ಶಿಲಾಯುಗದ ಪ್ರಾಚೀನ ಮಾನವ) ಹಲ್ಲುಗಳಿಗೆ ಅಂಟಿದ್ದ ಗಾರೆಯಲ್ಲಿ ಕಾಳುಗಳ ಮತ್ತು ಧಾನ್ಯದ ಪಿಷ್ಟದ ಕಣಗಳು ಸಿಕ್ಕಿವೆ. ಶಿಲಾಯುಗದವರು ಇವನ್ನು ಮುಟ್ಟಿಯೇ ಇರಲಿಲ್ಲ ಎಂಬ ವಾದ ಅಷ್ಟು ಗಟ್ಟಿಯಲ್ಲ.

ಮೊದಲು ಕೇಳಿದವರ ಮರುಪ್ರಶ್ನೆ: ಮನೆಯ ತೂಕದ ಯಂತ್ರ ಕೊಬ್ಬಿನ ಶೇಕಡಾವಾರನ್ನೂ ತೋರಿಸುತ್ತದೆ. ಅದನ್ನು ನಂಬಬಹುದೇ?

ಉತ್ತರ: ದಿನದಿಂದ ದಿನಕ್ಕೆ ನಂಬಬೇಡಿ. ಅದು ದೇಹದಲ್ಲಿ ಸಣ್ಣ ವಿದ್ಯುತ್ ಹರಿಸಿ ಲೆಕ್ಕ ಹಾಕುವುದರಿಂದ, ಕುಡಿದ ನೀರು ಹೆಚ್ಚು ಕಡಿಮೆಯಾದರೂ ಅಂಕಿ ಬದಲಾಗುತ್ತದೆ. ಬೆಳಗಿನ ತೂಕದ ವಾರದ ಸರಾಸರಿ, ಹೊಕ್ಕುಳಿನ ಮಟ್ಟದಲ್ಲಿ ಸೊಂಟದ ಅಳತೆ ಮತ್ತು ಎತ್ತಿದ ಭಾರ, ಈ ಮೂರನ್ನು ಬರೆದಿಡಿ. ಸೊಂಟ ಇಳಿಯುತ್ತ ಭಾರ ಹಾಗೆಯೇ ಉಳಿದಿದ್ದರೆ ಕರಗುತ್ತಿರುವುದು ಮುಖ್ಯವಾಗಿ ಕೊಬ್ಬು. ನಿಮಗೆ ಮೂತ್ರಪಿಂಡದ ತೊಂದರೆಯೇನಾದರೂ ಇದ್ದರೆ, ಪ್ರೋಟೀನ್ ಹೆಚ್ಚಿಸುವ ಮೊದಲು ನಿಮ್ಮ ವೈದ್ಯರಿಗೆ ತೋರಿಸಿ. ಮೇಲಿನ ಲೆಕ್ಕ ಅಂಥವರಿಗೆ ಅನ್ವಯಿಸುವುದಿಲ್ಲ.