‘ಅವೊದಾ ಅರವಿತ್’ ಕನ್ನಡದಲ್ಲಿ ಏನಾಗಬೇಕು?

ಸಯ್ಯದ್ ಕಶುವಾ ಅವರ ವೃತ್ತಿಜೀವನದ ಬಗ್ಗೆ ಲೇಖನ ಬರೆಯುತ್ತಿದ್ದೇನೆ. 1975ರಲ್ಲಿ ಇಸ್ರೇಲಿನ ತೀರಾ ಎಂಬ ಅರಬ್ ಊರಿನಲ್ಲಿ ಹುಟ್ಟಿ, ಹೀಬ್ರೂವಿನಲ್ಲಿ ಬರೆಯುವ ಕಾದಂಬರಿಕಾರ, 2014ರಲ್ಲಿ ಅಮೆರಿಕಕ್ಕೆ ಹೋದವರು. ಅವರು ರೂಪಿಸಿದ ಹಾಸ್ಯ ಧಾರಾವಾಹಿಯ ಹೆಸರು ಬಂದಲ್ಲಿ ಬರವಣಿಗೆ ನಿಂತಿದೆ.

2007ರಲ್ಲಿ ಚಾನೆಲ್ 2ರಲ್ಲಿ ಶುರುವಾಗಿ ನಾಲ್ಕು ಸೀಸನ್ ನಡೆದ ಅದರ ಹೆಸರು ‘ಅವೊದಾ ಅರವಿತ್’. ಅವೊದಾ ಎಂದರೆ ಕೆಲಸ, ಅರವಿತ್ ಎಂದರೆ ಅರಬ್ಬರದು. ಆಡುಮಾತಿನಲ್ಲಿ ಇದು ಬೈಗುಳ. ಗೋಡೆ ಸೊಟ್ಟಗಿದ್ದರೆ, ಜೋಡಿಸಿದ ಮರುದಿನವೇ ನಲ್ಲಿ ಸೋರಿದರೆ ಹೀಗೆ ಮೂಗು ಮುರಿಯುತ್ತಾರೆ. ಇಂಗ್ಲಿಷಿನ ‘ಅರಬ್ ಲೇಬರ್’ನಲ್ಲಿ ಬೈಗುಳ ಬಿದ್ದುಹೋಗಿದೆ. ‘ಕಾಟಾಚಾರದ ಕೆಲಸ’ ಎಂದರೆ ಅರಬ್ಬರೇ ಬಿದ್ದುಹೋಗುತ್ತಾರೆ. ಜಾತಿ, ಕಸುಬುಗಳ ಹೆಸರನ್ನೇ ಬೈಗುಳವಾಗಿಸಿದ ಮಾತುಗಳು ನಮ್ಮಲ್ಲೂ ಇವೆ. ಆದರೆ ಅವುಗಳಲ್ಲೊಂದನ್ನು ತಂದು ಕೂರಿಸಿದರೆ ಏಟು ಇಲ್ಲಿನ ಬಡಪಾಯಿಗಳಿಗೆ ಬೀಳುತ್ತದೆ. ಅದು ನನ್ನಿಂದಾಗದು.

ತೊಡಕು ಇನ್ನೂ ಇದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ, ಯಹೂದಿಗಳ ತೋಟಗಳಲ್ಲಿ ಯಹೂದಿಗಳೇ ದುಡಿಯಬೇಕು ಎಂಬ ಝಿಯೋನಿಸ್ಟರ, ಅಂದರೆ ಯಹೂದಿಗಳಿಗೆ ತಮ್ಮದೇ ನಾಡು ಬೇಕೆಂದವರ, ಘೋಷಣೆ ‘ಅವೊದಾ ಇವ್ರಿತ್’ (ಹೀಬ್ರೂ ಕೆಲಸ) ಆಗಿತ್ತು. ಹೀಬ್ರೂ ಲಿಪಿಯಲ್ಲಿ ಇವ್ರಿತ್, ಅರವಿತ್ ಎರಡಕ್ಕೂ ಅವೇ ಐದು ಅಕ್ಷರಗಳು. ಎರಡನೆಯದೂ ಮೂರನೆಯದೂ ಅದಲುಬದಲಾಗುತ್ತವೆ, ಅಷ್ಟೇ. ಯಹೂದಿಗಳ ನಡುವೆ ಒಬ್ಬನಾಗಲು ಹೆಣಗುವ ಧಾರಾವಾಹಿಯ ನಾಯಕ, ಅರಬ್ ಪತ್ರಕರ್ತ ಅಮ್ಜದನ ಇಡೀ ಕಥೆ ಆ ಎರಡಕ್ಷರಗಳ ಅಂತರದಲ್ಲೇ ಇದೆ ಎಂದು ನನಗನ್ನಿಸುತ್ತದೆ. ಸಂಭಾಷಣೆಯ ಬಹುಭಾಗ ಅರಬ್ಬಿಯಲ್ಲಿದ್ದು, ಹೀಬ್ರೂ ಪ್ರೇಕ್ಷಕರು ಅಡಿಬರಹ ಓದಿಕೊಂಡೇ ನಗಬೇಕಿತ್ತು.

ಸದ್ಯಕ್ಕೆ ‘ಅರಬ್ಬರ ಕೆಲಸವೇ ಇಷ್ಟು’ ಎಂದು ಬರೆದುಕೊಂಡಿದ್ದೇನೆ. ತಾತ್ಸಾರವೆಲ್ಲ ಆ ‘ವೇ’ಯಲ್ಲಿ ಉಳಿಯುತ್ತದೆ. ಅಕ್ಷರದಾಟ ಮಾತ್ರ ಕೈಗೆ ಸಿಗಲಿಲ್ಲ. ಇದಕ್ಕಿಂತ ಬಿಗಿಯಾದದ್ದು ಯಾರಿಗಾದರೂ ಹೊಳೆಯುವುದೇ?

ಇನ್ನೊಂದು ಪದ. ಧಾರಾವಾಹಿಯ ನಿರ್ಮಾಪಕರು ಬೇರೆಯವರು, ಹೀಬ್ರೂವಿನಲ್ಲಿ ಅವರು ‘ಮೆಫೀಕ್’. ಕಶುವಾ ‘ಯೋತ್ಸೇರ್’, ಅಂದರೆ ಅದನ್ನು ಕಲ್ಪಿಸಿ ರೂಪಿಸಿದವರು. ಕನ್ನಡದಲ್ಲಿ ಇಬ್ಬರನ್ನೂ ‘ನಿರ್ಮಾಪಕ’ ಎಂದು ಒಂದೇ ಗೂಟಕ್ಕೆ ಕಟ್ಟುವುದು ತಪ್ಪು. ‘ಸೃಷ್ಟಿಕರ್ತ’ ಎಂದರೆ ಬ್ರಹ್ಮನೇ ಎದುರು ಬಂದು ನಿಲ್ಲುತ್ತಾನೆ. ಹಳೆಯ ಹೀಬ್ರೂವಿನಲ್ಲಿ ಯೋತ್ಸೇರ್ ಎಂದರೆ ಕುಂಬಾರ. ಬೈಬಲಿನಲ್ಲಿ ಪ್ರವಾದಿ ಯೆರೆಮೀಯ ಹೋಗುವ ಕುಂಬಾರನ ಮನೆಗೆ ಇದೇ ಪದವಿದೆ. ಮಣ್ಣಿಗೆ ರೂಪ ಕೊಡುವವನಿಗೆ ನಮ್ಮಲ್ಲಿ ಕಲ್ಲಿಗೆ ರೂಪ ಕೊಡುವ ‘ರೂವಾರಿ’ ಇದ್ದಾನಲ್ಲ! ‘ಧಾರಾವಾಹಿಯ ರೂವಾರಿ’ ನನಗೆ ಬಹಳ ಹಿಡಿಸಿದೆ. ಆದರೆ ಪತ್ರಿಕೆಗಳು ‘ದಾಳಿಯ ರೂವಾರಿ’ ಎಂದು ಬರೆದೂ ಬರೆದೂ ಆ ಪದಕ್ಕೆ ಮಸಿ ಹತ್ತಿಸಿವೆ. ಅರಬ್ ಬರಹಗಾರನೊಬ್ಬನ ಹೆಸರಿನ ಪಕ್ಕದಲ್ಲಿ ಅದು ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ, ದಯವಿಟ್ಟು ತಿಳಿಸಿ.